ರಾಬರ್ಟ್ ಲೈಂಗ್ ನೋಬಲ್

ರಾಬರ್ಟ್ ಲೈಂಗ್ ನೋಬಲ್ (ಫೆಬ್ರವರಿ ೩, ೧೯೧೦ – ಡಿಸೆಂಬರ್ ೧೧, ೧೯೯೦) ಕೆನಡಾ ದೇಶದ ವೈದ್ಯರು ಹಾಗೂ ವೈದ್ಯಕೀಯ ಸಂಶೋಧಕರು. ನಿತ್ಯಪುಷ್ಪ ಗಿಡದ ಎಲೆಗಳಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧವನ್ನು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಥಾಮಸ್ ಬಿಯರ್ ಅವರೊಡಗೂಡಿ ಬೇರ್ಪಡಿಸಿದವರೆಂದು ಪ್ರಸಿದ್ಧರಾಗಿದ್ದಾರೆ. ಮಧುಮೇಹಕ್ಕೆ ಮದ್ದನ್ನು ಹುಡುಕಹೊರಟ ಪ್ರಯೋಗದಲ್ಲಿ ಇಲಿಗಳ ರೋಗನಿರೋಧಕ ಶಕ್ತಿ ಕುಸಿದುದನ್ನು ಗಮನಿಸಿ, ಅದರ ಕಾರಣವನ್ನು ಬೆನ್ನಟ್ಟಿದ್ದೇ ಈ ಶೋಧಕ್ಕೆ ಮೂಲವಾಯಿತು. ಸಸ್ಯಜನ್ಯ ಸಂಯುಕ್ತಗಳಿಂದ ಕ್ಯಾನ್ಸರ್ ಚಿಕಿತ್ಸೆ ಸಾಧ್ಯವೆಂದು ತೋರಿಸಿದ ಆರಂಭದ ನಿದರ್ಶನಗಳಲ್ಲಿ ಇದೂ ಒಂದು.

ಜೀವನ ಮತ್ತು ಶಿಕ್ಷಣ

ನೋಬಲ್ ಅವರು ಟೊರೊಂಟೊ ನಗರದಲ್ಲಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾಲಯದಿಂದ ೧೯೩೪ರಲ್ಲಿ ವೈದ್ಯಕೀಯ ಪದವಿ ಪಡೆದು, ಮುಂದೆ ಲಂಡನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು. ಹಾರ್ಮೋನುಗಳನ್ನು ಸ್ರವಿಸುವ ನಿರ್ನಾಳ ಗ್ರಂಥಿಗಳ ಅಧ್ಯಯನ ಅವರ ಮೊದಲ ಆಸಕ್ತಿಯ ಕ್ಷೇತ್ರ. ಕೆನಡಾಕ್ಕೆ ಮರಳಿದ ಮೇಲೆ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕಾಲಿಪ್ ಅವರ ಬಳಿ ಕೆಲಸ ಮಾಡಿದರು. ಇನ್ಸುಲಿನ್ನನ್ನು ಮನುಷ್ಯರಿಗೆ ಕೊಡಬಹುದಾದಷ್ಟು ಶುದ್ಧಗೊಳಿಸಿದ ಕೀರ್ತಿ ಕಾಲಿಪ್ ಅವರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೈಹಿಕ ಆಘಾತದ ಪರಿಣಾಮಗಳನ್ನು ಅಳೆಯಲು ಇವರಿಬ್ಬರೂ ರೂಪಿಸಿದ ಪ್ರಯೋಗ ಸಾಧನವು 'ನೋಬಲ್–ಕಾಲಿಪ್ ಡ್ರಮ್' ಎಂಬ ಹೆಸರಿನಿಂದ ಶರೀರಶಾಸ್ತ್ರದಲ್ಲಿ ಪರಿಚಿತವಾಗಿದೆ. ಯುದ್ಧಾನಂತರ ನೋಬಲ್ ಅವರು ಒಂಟಾರಿಯೊ ಪ್ರಾಂತದ ಲಂಡನ್ ಎಂಬ ಊರಿನಲ್ಲಿರುವ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯವನ್ನು ಸೇರಿದರು. ವಿನ್‌ಬ್ಲಾಸ್ಟಿನ್ ಶೋಧ ನಡೆದುದು ಇಲ್ಲಿಯೇ.

ಅವರ ಅಣ್ಣ ಕ್ಲಾರ್ಕ್ ನೋಬಲ್ ಅವರೂ ವೈದ್ಯರು. ೧೯೨೧ರ ಬೇಸಿಗೆಯಲ್ಲಿ ಇನ್ಸುಲಿನ್ ಸಂಶೋಧಕ ಫ್ರೆಡರಿಕ್ ಬ್ಯಾಂಟಿಂಗ್ ಅವರಿಗೆ ಒಬ್ಬ ವಿದ್ಯಾರ್ಥಿ ಸಹಾಯಕ ಬೇಕಾದಾಗ, ಕ್ಲಾರ್ಕ್ ಮತ್ತು ಚಾರ್ಲ್ಸ್ ಬೆಸ್ಟ್ ಇಬ್ಬರಲ್ಲಿ ಯಾರು ಮೊದಲು ಹೋಗಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಯಿತೆಂದು ಪ್ರತೀತಿ. ಆ ಸರದಿ ಬೆಸ್ಟ್ ಅವರ ಪಾಲಾಯಿತು. ಬ್ಯಾಂಟಿಂಗ್ ಅವರೊಡನೆ ಬೆಸ್ಟ್ ಅವರ ಹೆಸರೂ ಇನ್ಸುಲಿನ್ ಚರಿತ್ರೆಯಲ್ಲಿ ಶಾಶ್ವತವಾಯಿತು.

ಜಮೈಕಾದಿಂದ ಬಂದ ಎಲೆಗಳು

೧೯೫೨ರಲ್ಲಿ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾ ದ್ವೀಪದಿಂದ ಒಂದು ಲಕೋಟೆ ಬಂದಿತು. ಅದರೊಳಗೆ ನಿತ್ಯಪುಷ್ಪ ಗಿಡದ ಇಪ್ಪತ್ತೈದು ಎಲೆಗಳಿದ್ದವು. ಇನ್ಸುಲಿನ್ ದೊರೆಯದಿದ್ದಾಗ ಅಲ್ಲಿನ ಜನರು ಈ ಎಲೆಗಳ ಕಷಾಯವನ್ನು ಮಧುಮೇಹಕ್ಕಾಗಿ ಕುಡಿಯುತ್ತಾರೆಂಬ ಮಾಹಿತಿಯೂ ಜೊತೆಗಿತ್ತು. ಸ್ವತಃ ಸಂಶೋಧನೆಯಿಂದ ದೂರವಾಗಿದ್ದ ಕ್ಲಾರ್ಕ್ ಅವರು ಎಲೆಗಳನ್ನು ತಮ್ಮನಿಗೆ ಕಳುಹಿಸಿಕೊಟ್ಟರು.

ನೋಬಲ್ ಅವರು ಮೊದಲು ಎಲೆಯ ಸಾರವನ್ನು ಪ್ರಾಣಿಗಳಿಗೆ ಬಾಯಿಯ ಮೂಲಕ ಕೊಟ್ಟು ನೋಡಿದರು. ರಕ್ತದ ಸಕ್ಕರೆಯ ಮಟ್ಟದಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಬಳಿಕ ಅದೇ ಸಾರವನ್ನು ಚುಚ್ಚುಮದ್ದಿನ ರೂಪದಲ್ಲಿ ಇಲಿಗಳಿಗೆ ಕೊಡಲಾಯಿತು. ಆಗಲೂ ಸಕ್ಕರೆ ಇಳಿಯಲಿಲ್ಲ. ಆದರೆ ಸುಮಾರು ಐದರಿಂದ ಏಳು ದಿನಗಳೊಳಗೆ ಇಲಿಗಳು ಸಾಯತೊಡಗಿದವು. ಅವುಗಳ ದೇಹದಲ್ಲಿ ಅಲ್ಲಲ್ಲಿ ಕೀವು ತುಂಬಿದ ಬಾವುಗಳು ಕಂಡುಬಂದವು. ಇದಕ್ಕೆ ಸ್ಯೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿತ್ತು.

ಮಧುಮೇಹದ ದೃಷ್ಟಿಯಿಂದ ಈ ಪ್ರಯೋಗ ವಿಫಲವಾಗಿತ್ತು. ಸಾರದಲ್ಲಿ ಕಲ್ಮಶವಿತ್ತೆಂದೋ, ಇಲಿಗಳ ಗೂಡಿಗೆ ಸೋಂಕು ತಗುಲಿತೆಂದೋ ಭಾವಿಸಿ ಕಡತವನ್ನು ಮುಚ್ಚಿಬಿಡುವುದು ಸುಲಭವಾಗಿತ್ತು. ಆದರೆ ಸ್ಯೂಡೊಮೋನಾಸ್ ಸಾಮಾನ್ಯವಾಗಿ ಆರೋಗ್ಯವಂತ ದೇಹವನ್ನು ಮಣಿಸುವ ರೋಗಾಣುವಲ್ಲ; ರಕ್ಷಣೆ ಕುಂದಿದ ದೇಹದಲ್ಲಿ ಮಾತ್ರ ಅದು ಮೇಲುಗೈ ಸಾಧಿಸುತ್ತದೆ. ಹಾಗಾದರೆ ಈ ಇಲಿಗಳ ರಕ್ಷಣೆ ಕುಂದಿದ್ದೇಕೆ ಎಂಬ ಪ್ರಶ್ನೆಯನ್ನು ನೋಬಲ್ ಅವರ ತಂಡ ಕೈಗೆತ್ತಿಕೊಂಡಿತು.

ಬಿಳಿ ರಕ್ತಕಣಗಳ ಕುಸಿತ

ಇಲಿಗಳ ರಕ್ತವನ್ನು ಪರೀಕ್ಷಿಸಿದಾಗ ಬಿಳಿ ರಕ್ತಕಣಗಳ ಸಂಖ್ಯೆ ತೀವ್ರವಾಗಿ ಇಳಿದಿರುವುದು ತಿಳಿಯಿತು. ಈ ಕಣಗಳು ತಯಾರಾಗುವ ಮೂಳೆಮಜ್ಜೆಯೂ ಬರಿದಾಗಿತ್ತು. ರೋಗಾಣುಗಳನ್ನು ಎದುರಿಸುವ ಕಾವಲುಪಡೆಯೇ ಇಲ್ಲವಾದುದರಿಂದ ಇಲಿಗಳು ಸೋಂಕಿಗೆ ಬಲಿಯಾಗಿದ್ದವು.

ರಕ್ತದ ಕ್ಯಾನ್ಸರಿನಲ್ಲಿ ಬಿಳಿ ರಕ್ತಕಣಗಳು ಅಥವಾ ಅವುಗಳ ಅಪಕ್ವ ಪೂರ್ವರೂಪಗಳು ಹದ್ದುಮೀರಿ ಹೆಚ್ಚುತ್ತವೆ. ಆರೋಗ್ಯವಂತ ಇಲಿಯ ಬಿಳಿ ಕಣಗಳನ್ನು ಅಳಿಸಬಲ್ಲ ವಸ್ತುವು ರೋಗಿಯಲ್ಲಿ ಅಂಕೆಯಿಲ್ಲದೆ ಬೆಳೆಯುವ ಕಣಗಳನ್ನೂ ತಡೆಯಬಹುದು ಎಂಬ ತರ್ಕ ಇಲ್ಲಿಂದ ಹುಟ್ಟಿತು. ವಿಷವೆಂದು ಕಂಡ ಗುಣವೇ ಔಷಧದ ಸೂಚನೆಯಾಗಿ ಪರಿಣಮಿಸಿತು. ನೋಬಲ್, ಬಿಯರ್ ಮತ್ತು ಸಹೋದ್ಯೋಗಿ ಕಟ್ಸ್ ಅವರು ೧೯೫೮ರಲ್ಲಿ ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿಯ ಮೂಲಕ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ, ಔಷಧ ಚಿಕಿತ್ಸೆಯಲ್ಲಿ ಆಕಸ್ಮಿಕ ವೀಕ್ಷಣೆಗಳ ಪಾತ್ರವನ್ನು ಹೆಸರಿಸಿದ್ದರು.

ಸಂಯುಕ್ತದ ಬೇರ್ಪಡಿಕೆ

ಎಲೆಯ ಸಾರದಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡುಗಳಿರುತ್ತವೆ. ಸಾರಜನಕವನ್ನು ಒಳಗೊಂಡ, ದೇಹದ ಮೇಲೆ ಪ್ರಬಲ ಪರಿಣಾಮ ಬೀರಬಲ್ಲ ಸಸ್ಯಜನ್ಯ ರಾಸಾಯನಿಕಗಳಿಗೆ ಈ ಹೆಸರು. ಇವುಗಳಲ್ಲಿ ಬಿಳಿ ಕಣಗಳನ್ನು ತಗ್ಗಿಸುವ ವಸ್ತು ಯಾವುದೆಂದು ಹುಡುಕುವ ಹೊಣೆ ಚಾರ್ಲ್ಸ್ ಥಾಮಸ್ ಬಿಯರ್ (೧೯೧೫–೨೦೧೦) ಅವರದಾಯಿತು. ಇಂಗ್ಲೆಂಡಿನಲ್ಲಿ ಜನಿಸಿ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿದ ಬಿಯರ್ ಅವರು ೧೯೫೪ರಲ್ಲಿ ನೋಬಲ್ ಅವರ ಪ್ರಯೋಗಾಲಯವನ್ನು ಸೇರಿದ್ದರು. ಸಾರವನ್ನು ಹಂತಹಂತವಾಗಿ ಭಾಗ ಮಾಡುವುದು, ಪ್ರತಿಯೊಂದು ಭಾಗವನ್ನೂ ಇಲಿಗಳಿಗೆ ಕೊಟ್ಟು ರಕ್ತಕಣಗಳನ್ನು ಎಣಿಸುವುದು, ಪರಿಣಾಮ ಕಂಡ ಭಾಗವನ್ನು ಮತ್ತೆ ವಿಭಾಗಿಸುವುದು – ಹೀಗೆ ಕೆಲಸ ಸಾಗಿತು. ಔಷಧದ ಅಂಶ ಎಲೆಯಲ್ಲಿ ಅತ್ಯಲ್ಪವಾದುದರಿಂದ ಇದಕ್ಕೆ ವರ್ಷಗಳೇ ಹಿಡಿದವು. ಕೊನೆಗೆ ಶುದ್ಧರೂಪದಲ್ಲಿ ದೊರೆತ ಸಂಯುಕ್ತಕ್ಕೆ ಮೊದಲು ವಿನ್ಕಾಲ್ಯೂಕೋಬ್ಲಾಸ್ಟಿನ್ ಎಂದು ಹೆಸರಿಟ್ಟರು. ಗಿಡದ ಅಂದಿನ ವೈಜ್ಞಾನಿಕ ಹೆಸರಾದ 'ವಿಂಕಾ' ಮತ್ತು ಬಿಳಿ ಕಣ ಎಂಬರ್ಥದ ಗ್ರೀಕ್ ಮೂಲದ ಪದ ಎರಡೂ ಇದರಲ್ಲಿ ಸೇರಿವೆ. ವಿನ್‌ಬ್ಲಾಸ್ಟಿನ್ ಎಂಬುದು ಇದರ ಸಂಕ್ಷಿಪ್ತ ರೂಪ.

ಇದೇ ಅವಧಿಯಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಎಲೈ ಲಿಲ್ಲಿ ಔಷಧ ಸಂಸ್ಥೆಯಲ್ಲಿ ಗಾರ್ಡನ್ ಸ್ವೊಬೋಡಾ ಮತ್ತು ಇರ್ವಿಂಗ್ ಜಾನ್ಸನ್ ಅವರ ತಂಡವೂ ಇದೇ ಗಿಡವನ್ನು ಪರೀಕ್ಷಿಸುತ್ತಿತ್ತು. ಒಂದು ಬಗೆಯ ರಕ್ತ ಕ್ಯಾನ್ಸರ್ ಇದ್ದ ಇಲಿಮರಿಗಳ ಆಯುಸ್ಸು ಎಲೆಯ ಸಾರದಿಂದ ಹೆಚ್ಚುವುದನ್ನು ಅವರು ಕಂಡಿದ್ದರು. ಎರಡೂ ತಂಡಗಳು ಮುಂದೆ ಸಹಕರಿಸಿದವು. ಲಿಲ್ಲಿ ತಂಡವು ವಿನ್‌ಕ್ರಿಸ್ಟಿನ್ ಎಂಬ ಮತ್ತೊಂದು ಸಂಯುಕ್ತವನ್ನು ಬೇರ್ಪಡಿಸಿತು. ೧೯೬೩ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ವಿನ್‌ಬ್ಲಾಸ್ಟಿನ್ನಿನ ಆರಂಭಿಕ ಮಾನವ ಪ್ರಯೋಗಗಳು ಟೊರೊಂಟೊದ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಯಲ್ಲಿ ನಡೆದವು.

ಔಷಧ ಕೆಲಸ ಮಾಡುವ ಬಗೆ

ಜೀವಕೋಶವೊಂದು ಎರಡಾಗುವಾಗ ವರ್ಣತಂತುಗಳು ಎರಡು ಸಮಪಾಲಾಗಿ ಎರಡು ತುದಿಗಳತ್ತ ಸರಿಯಬೇಕು. ಅವುಗಳನ್ನು ಎಳೆದೊಯ್ಯಲು ಕೋಶವು ಸೂಕ್ಷ್ಮನಾಳಿಕೆಗಳೆಂಬ ಎಳೆಗಳನ್ನು ನಿರ್ಮಿಸಿಕೊಳ್ಳುತ್ತದೆ. ಟ್ಯುಬುಲಿನ್ ಎಂಬ ಪ್ರೋಟೀನಿನ ಬಿಲ್ಲೆಗಳು ಒಂದರ ಮೇಲೊಂದು ಜೋಡಣೆಗೊಂಡು ಈ ಎಳೆಗಳಾಗುತ್ತವೆ. ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಟ್ಯುಬುಲಿನ್ನಿಗೆ ಅಂಟಿಕೊಂಡು ಜೋಡಣೆಯನ್ನು ತಡೆಯುತ್ತವೆ. ಎಳೆಗಳಿಲ್ಲದೆ ವರ್ಣತಂತುಗಳು ನಡುದಾರಿಯಲ್ಲಿಯೇ ನಿಲ್ಲುತ್ತವೆ; ವಿಭಜನೆ ಪೂರ್ಣಗೊಳ್ಳದೆ ಕೋಶ ಸಾಯುತ್ತದೆ.

ಮುಂದೆ ಯೂ ಮರದ ತೊಗಟೆಯಿಂದ ದೊರೆತ ಟ್ಯಾಕ್ಸಾಲ್ ಎಂಬ ಔಷಧವು ಇದೇ ಎಳೆಗಳನ್ನು ಬಿಚ್ಚಿಕೊಳ್ಳದಂತೆ ಬಿಗಿಗೊಳಿಸುತ್ತದೆಂದು ಸೂಸನ್ ಹಾರ್ವಿಟ್ಜ್ ಅವರ ತಂಡ ೧೯೭೯ರಲ್ಲಿ ತೋರಿಸಿತು. ಎಳೆ ಕಟ್ಟದಂತೆ ಮಾಡಿದರೂ, ಕಟ್ಟಿದ ಎಳೆ ಬಿಚ್ಚದಂತೆ ಮಾಡಿದರೂ ಕೋಶವಿಭಜನೆ ನಿಲ್ಲುತ್ತದೆ.

ಕ್ಯಾನ್ಸರ್ ಕೋಶಗಳು ಎಡೆಬಿಡದೆ ವಿಭಜನೆಗೊಳ್ಳುವುದರಿಂದ ಈ ಔಷಧಗಳ ಹೊಡೆತ ಅವುಗಳಿಗೆ ಹೆಚ್ಚು. ಆದರೆ ಮೂಳೆಮಜ್ಜೆ, ಕೂದಲ ಬುಡ ಮತ್ತು ಕರುಳಿನ ಒಳಪದರದ ಆರೋಗ್ಯಕರ ಕೋಶಗಳೂ ವೇಗವಾಗಿ ವಿಭಜನೆಗೊಳ್ಳುವಂಥವು. ನೋಬಲ್ ಅವರ ಇಲಿಗಳಲ್ಲಿ ಮೂಳೆಮಜ್ಜೆ ಬರಿದಾದುದು ಇದೇ ಕಾರಣದಿಂದ.

ರೋಗನಿರೋಧಕ ವ್ಯವಸ್ಥೆಯ ಮೇಲಿನ ಪರಿಣಾಮ

ಎರಡು ಔಷಧಗಳ ರಚನೆಯಲ್ಲಿರುವ ವ್ಯತ್ಯಾಸ ಬಲು ಕಿರಿದು. ಒಂದರಲ್ಲಿ ಮೀಥೈಲ್ ಗುಂಪಿರುವ ಜಾಗದಲ್ಲಿ ಇನ್ನೊಂದರಲ್ಲಿ ಫಾರ್ಮೈಲ್ ಗುಂಪಿದೆ. ಆದರೂ ದೇಹದಲ್ಲಿ ಇವುಗಳ ನಡತೆ ಬೇರೆ. ವಿನ್‌ಬ್ಲಾಸ್ಟಿನ್ ಮುಖ್ಯವಾಗಿ ಮೂಳೆಮಜ್ಜೆಯನ್ನು ಕುಗ್ಗಿಸುತ್ತದೆ. ಔಷಧ ಕೊಟ್ಟ ಐದರಿಂದ ಹತ್ತು ದಿನಗಳಲ್ಲಿ ಬಿಳಿ ಕಣಗಳು ಅತಿ ಕಡಿಮೆ ಮಟ್ಟಕ್ಕಿಳಿದು, ಮುಂದಿನ ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಇಲಿಗಳು ಐದರಿಂದ ಏಳು ದಿನಗಳಲ್ಲಿ ಸತ್ತುದನ್ನು ಈ ಲೆಕ್ಕದೊಡನೆ ಹೋಲಿಸಿ ನೋಡಬಹುದು. ಮಜ್ಜೆಯನ್ನು ಕುಗ್ಗಿಸುವ ಕ್ಯಾನ್ಸರ್ ಔಷಧ ಪಡೆಯುತ್ತಿರುವವರಿಗೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ವೈದ್ಯರು ಒತ್ತಿ ಹೇಳುವುದರ ಹಿಂದಿನ ಕಾರಣವೂ ಇದೇ.

ವಿನ್‌ಕ್ರಿಸ್ಟಿನ್ ಮೂಳೆಮಜ್ಜೆಗೆ ಅಷ್ಟು ಹಾನಿ ಮಾಡುವುದಿಲ್ಲ. ಅದರ ದುಷ್ಪರಿಣಾಮ ನರಗಳ ಮೇಲೆ. ಕೈಕಾಲು ಜೋಮು ಹಿಡಿಯುವುದು, ಪಾದ ಎತ್ತಿ ನಡೆಯಲಾಗದಿರುವುದು, ತೀವ್ರ ಮಲಬದ್ಧತೆ ಮುಂತಾದವು ಕಾಣಿಸಿಕೊಳ್ಳುತ್ತವೆ. ಒಂದು ಬಾರಿಗೆ ಕೊಡುವ ಪ್ರಮಾಣವನ್ನು ಸಾಮಾನ್ಯವಾಗಿ ೨ ಮಿಲಿಗ್ರಾಂಗೆ ಮಿತಿಗೊಳಿಸುತ್ತಾರೆ. ಇದನ್ನು ರಕ್ತನಾಳದ ಮೂಲಕ ಮಾತ್ರ ಕೊಡಬೇಕು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ತಪ್ಪಿ ಸೇರಿಸಿದರೆ ಬಹುಮಟ್ಟಿಗೆ ಸಾವು ನಿಶ್ಚಿತ. ಇಂತಹ ಪ್ರಮಾದಗಳನ್ನು ತಪ್ಪಿಸಲು ವಿಶ್ವ ಆರೋಗ್ಯ ಸಂಸ್ಥೆ ೨೦೦೭ರಲ್ಲಿ ಎಚ್ಚರಿಕೆ ನೀಡಿ, ಔಷಧವನ್ನು ಸಿರಿಂಜಿನ ಬದಲು ದ್ರಾವಣದ ಸಣ್ಣ ಚೀಲದಲ್ಲಿ ಬೆರೆಸಿ ಕೊಡಲು ಸಲಹೆ ಮಾಡಿತು.

ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿದ ಕೆಲವು ರೋಗಗಳಲ್ಲಿಯೂ ಇವುಗಳ ಬಳಕೆಯಿದೆ. ದೇಹವು ತನ್ನದೇ ಪ್ಲೇಟ್‌ಲೆಟ್ ಕಣಗಳನ್ನು ನಾಶಪಡಿಸುವ ಸ್ಥಿತಿಯಲ್ಲಿ, ಇತರ ಚಿಕಿತ್ಸೆಗಳು ಫಲಿಸದಿದ್ದಾಗ ಇವನ್ನು ಪರಿಗಣಿಸುವುದುಂಟು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲ್ಯಾಂಗರ್‌ಹಾನ್ಸ್ ಕೋಶಗಳ ರೋಗಕ್ಕೆ ವಿನ್‌ಬ್ಲಾಸ್ಟಿನ್ ಮತ್ತು ಸ್ಟೀರಾಯ್ಡುಗಳ ಜೋಡಿ ರೂಢಿಯ ಚಿಕಿತ್ಸೆಯಾಗಿದೆ.

ಚಿಕಿತ್ಸೆಯಲ್ಲಿ ಸ್ಥಾನ

ಈ ಔಷಧಗಳ ಪೂರ್ಣ ಪ್ರಯೋಜನ ತಿಳಿದುದು ಅವನ್ನು ಬೇರೆ ಔಷಧಗಳೊಡನೆ ಸೇರಿಸಿ ಕೊಟ್ಟಾಗ. ವಿನ್‌ಕ್ರಿಸ್ಟಿನ್ ಮೂಳೆಮಜ್ಜೆಯನ್ನು ಹೆಚ್ಚು ಕುಗ್ಗಿಸದಿರುವುದರಿಂದ, ಮಜ್ಜೆಗೆ ಹಾನಿ ಮಾಡುವ ಇತರ ಔಷಧಗಳ ಜೊತೆ ಅದನ್ನು ಕೊಡಲು ಸಾಧ್ಯವಾಯಿತು. ೧೯೬೦ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಅವರು ಮಕ್ಕಳ ರಕ್ತ ಕ್ಯಾನ್ಸರಿಗೆ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟರು. ಅವುಗಳಲ್ಲಿ ವಿನ್‌ಕ್ರಿಸ್ಟಿನ್ ಒಂದು. ಅಂದು ಈ ರೋಗ ತಗುಲಿದ ಮಕ್ಕಳು ಬಹುತೇಕ ಬದುಕುಳಿಯುತ್ತಿರಲಿಲ್ಲ. ಇಂದು ಉತ್ತಮ ಚಿಕಿತ್ಸಾ ಸೌಲಭ್ಯವಿರುವ ದೇಶಗಳಲ್ಲಿ ತೀವ್ರ ಲಿಂಫೋಬ್ಲಾಸ್ಟಿಕ್ ರಕ್ತ ಕ್ಯಾನ್ಸರಿನ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಈ ಸುಧಾರಣೆಗೆ ಹಲವು ಔಷಧಗಳು ಕಾರಣ; ವಿನ್‌ಕ್ರಿಸ್ಟಿನ್ ಇಂದಿಗೂ ಆ ಗುಂಪಿನ ಪ್ರಮುಖ ಸದಸ್ಯ.

ದುಗ್ಧಗ್ರಂಥಿಗಳಲ್ಲಿ ಹುಟ್ಟುವ ಹಾಜ್‌ಕಿನ್ ಕ್ಯಾನ್ಸರಿಗೆ ಇಟಲಿಯ ಮಿಲಾನ್ ನಗರದಲ್ಲಿ ಜಾನಿ ಬೊನಡೊನ್ನಾ ಅವರ ತಂಡ ರೂಪಿಸಿದ ನಾಲ್ಕು ಔಷಧಗಳ ಕ್ರಮದಲ್ಲಿ ವಿನ್‌ಬ್ಲಾಸ್ಟಿನ್ ಇದೆ. ೧೯೭೪ರಿಂದ ಲಾರೆನ್ಸ್ ಐನ್‌ಹಾರ್ನ್ ಅವರು ವೃಷಣದ ಕ್ಯಾನ್ಸರಿಗೆ ಸಿಸ್‌ಪ್ಲಾಟಿನ್, ಬ್ಲಿಯೊಮೈಸಿನ್‌ಗಳ ಜೊತೆ ಇದನ್ನು ಬಳಸಿ ಅಪೂರ್ವ ಯಶಸ್ಸು ಪಡೆದರು. ಎರಡೂ ಔಷಧಗಳು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿವೆ.

ಎನ್‌ಬಿ ಇಲಿಗಳು ಮತ್ತು ನಂತರದ ಸಂಶೋಧನೆ

೧೯೬೦ರಲ್ಲಿ ನೋಬಲ್ ಅವರು ವ್ಯಾಂಕೂವರ್ ನಗರದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿ ಅಲ್ಲಿನ ಕ್ಯಾನ್ಸರ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಬಿಯರ್ ಅವರೂ ಅಲ್ಲಿಗೆ ಬಂದರು. ಹಾರ್ಮೋನುಗಳಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ನೋಬಲ್ ಅವರು ತಾವೇ ಬೆಳೆಸಿದ 'ಎನ್‌ಬಿ' ಎಂಬ ಇಲಿಯ ತಳಿಯಲ್ಲಿ ದೀರ್ಘಕಾಲ ಅಧ್ಯಯನ ಮಾಡಿದರು. ಲೈಂಗಿಕ ಹಾರ್ಮೋನುಗಳನ್ನು ದೀರ್ಘಾವಧಿ ಕೊಟ್ಟಾಗ ಈ ಇಲಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಉಂಟಾಗುವುದನ್ನು ೧೯೭೭ರಲ್ಲಿ ವರದಿ ಮಾಡಿದರು.

ಇದೇ ತಳಿಯ ಇಲಿಗಳಿಂದ ದೊರೆತ 'ಎನ್‌ಬಿ೨' ಎಂಬ ಕೋಶಗಳು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ವರ್ಗಕ್ಕೆ ಸೇರಿದ ಕ್ಯಾನ್ಸರ್ ಕೋಶಗಳು. ಎದೆಹಾಲಿನ ಉತ್ಪಾದನೆಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನು ಇವುಗಳ ಬೆಳವಣಿಗೆಯನ್ನು ಪ್ರಚೋದಿಸುತ್ತದೆ. ಆದುದರಿಂದ ಪ್ರೊಲ್ಯಾಕ್ಟಿನ್ ಪ್ರಮಾಣವನ್ನು ಅಳೆಯಲು ಈ ಕೋಶಗಳು ಪ್ರಯೋಗಾಲಯಗಳಲ್ಲಿ ಬಳಕೆಗೆ ಬಂದವು. ಹಾರ್ಮೋನುಗಳೂ ರೋಗನಿರೋಧಕ ಕೋಶಗಳೂ ಪರಸ್ಪರ ಪ್ರಭಾವ ಬೀರುವುದನ್ನು ಅಭ್ಯಸಿಸಲು ಇವು ನೆರವಾದವು.

ನಿತ್ಯಪುಷ್ಪ ಗಿಡ

ನಿತ್ಯಪುಷ್ಪದ ತವರು ಆಫ್ರಿಕಾದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ. ಲಿನೇಯಸ್ ಇದನ್ನು ೧೭೫೯ರಲ್ಲಿ ವಿಂಕಾ ರೋಸಿಯಾ ಎಂದು ಹೆಸರಿಸಿದನು. ಈಗಿನ ಅಂಗೀಕೃತ ಹೆಸರು ಕ್ಯಾಥರಾಂಥಸ್ ರೋಸಿಯಸ್. ಅಲಂಕಾರದ ಗಿಡವಾಗಿ ಉಷ್ಣವಲಯದ ದೇಶಗಳಿಗೆಲ್ಲ ಹಬ್ಬಿದೆ. ಕನ್ನಡದಲ್ಲಿ ಸದಾಪುಷ್ಪ, ಕಾಶಿ ಕಣಗಿಲೆ ಎಂಬ ಹೆಸರುಗಳೂ ಇವೆ. ಮನೆಯಂಗಳದಲ್ಲಿ, ದೇವಸ್ಥಾನದ ಆವರಣದಲ್ಲಿ, ಬೇಲಿಯ ಸಾಲಿನಲ್ಲಿ ವರ್ಷವಿಡೀ ಬಿಳಿ ಅಥವಾ ನಸುಗೆಂಪು ಹೂ ಬಿಡುವ ಈ ಗಿಡವನ್ನು ಕಾಣದ ಊರು ಕರ್ನಾಟಕದಲ್ಲಿ ವಿರಳ. ಇದು ಸಸ್ಯಶಾಸ್ತ್ರದ ಪ್ರಕಾರವೂ ಕಣಗಿಲೆಯ ಕುಟುಂಬದ್ದೇ. ಕಣಗಿಲೆ ವಿಷವೆಂಬುದು ಹಳ್ಳಿಗರಿಗೆ ಹೊಸತಲ್ಲ. ನಿತ್ಯಪುಷ್ಪವನ್ನೂ ದನಕರುಗಳು ಸಾಮಾನ್ಯವಾಗಿ ಮೇಯುವುದಿಲ್ಲ.

ಔಷಧಕ್ಕಾಗಿ ಭಾರತದಲ್ಲಿಯೂ ಇದರ ಬೇಸಾಯವಿದೆ. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ 'ನಿರ್ಮಲ್', 'ಧವಲ್' ಮೊದಲಾದ ತಳಿಗಳನ್ನು ಬಿಡುಗಡೆ ಮಾಡಿದೆ.

ಎಲೆಗೂ ಔಷಧಕ್ಕೂ ಇರುವ ಅಂತರ

ಕ್ಯಾನ್ಸರ್ ಔಷಧ ದೊರೆಯುವ ಗಿಡವೆಂದು ಕೇಳಿ, ಇದರ ಎಲೆಯನ್ನು ಜಗಿಯುವುದರಿಂದ ಅಥವಾ ಕಷಾಯ ಮಾಡಿ ಕುಡಿಯುವುದರಿಂದ ಕ್ಯಾನ್ಸರ್ ಗುಣವಾಗುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ನಂಬುವವರಿದ್ದಾರೆ. ನೋಬಲ್ ಅವರ ಸಂಶೋಧನೆಯನ್ನು ಗಮನಿಸಿದರೆ ಈ ಎರಡು ನಂಬಿಕೆಗಳಿಗೂ ಆಧಾರವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಪ್ರಮಾಣದ ವಿಚಾರ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಸುಮಾರು ೫೦೦ ಕಿಲೋಗ್ರಾಂ ಒಣ ಎಲೆ ಬೇಕು. ಒಂದು ಗ್ರಾಂ ವಿನ್‌ಕ್ರಿಸ್ಟಿನ್ನಿಗೆ ಸುಮಾರು ೨,೦೦೦ ಕಿಲೋಗ್ರಾಂ. ಈ ಲೆಕ್ಕದಂತೆ ರೋಗಿಗೆ ಒಮ್ಮೆ ಕೊಡುವ ೨ ಮಿಲಿಗ್ರಾಂ ವಿನ್‌ಕ್ರಿಸ್ಟಿನ್ನಿಗೆ ನಾಲ್ಕು ಕಿಲೋಗ್ರಾಂ ಒಣ ಎಲೆ ಬೇಕಾಗುತ್ತದೆ. ಎರಡನೆಯದಾಗಿ, ಈ ಸಂಯುಕ್ತಗಳು ಬಾಯಿಯ ಮೂಲಕ ಸೇವಿಸಿದಾಗ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮೂರನೆಯದಾಗಿ, ಎಲೆಯಲ್ಲಿರುವ ಇತರ ಆಲ್ಕಲಾಯ್ಡುಗಳ ಪ್ರಮಾಣ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಕುಡಿದವರಿಗೆ ಎಷ್ಟು ಒಳಸೇರಿತೆಂದು ಅಳೆಯುವ ದಾರಿಯಿಲ್ಲ. ಕೊನೆಯದಾಗಿ, ಈ ಗಿಡದ ಕ್ಯಾನ್ಸರ್ ನಿರೋಧಕ ಅಂಶ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವಂಥದ್ದಲ್ಲ. ಅದು ಬಿಳಿ ಕಣಗಳನ್ನು ತಗ್ಗಿಸುತ್ತದೆಂಬ ಕಾರಣಕ್ಕಾಗಿಯೇ ಪತ್ತೆಯಾಯಿತು.

ಹೀಗೆಂದು ಜನಪದ ವೈದ್ಯದ ಪಾತ್ರವನ್ನು ಅಲ್ಲಗಳೆಯಲಾಗದು. ಜಮೈಕಾದ ಜನರ ಬಳಕೆಯ ಸುದ್ದಿ ಬಾರದಿದ್ದರೆ ನೋಬಲ್ ಅವರ ಪ್ರಯೋಗಾಲಯಕ್ಕೆ ಎಲೆಗಳು ತಲುಪುತ್ತಲೇ ಇರಲಿಲ್ಲ. ಆ ತಿಳಿವಳಿಕೆ ಎಲ್ಲಿ ಹುಡುಕಬೇಕೆಂಬುದನ್ನು ತೋರಿಸಿತು. ಯಾವ ಅಂಶ, ಯಾವ ರೋಗಕ್ಕೆ, ಎಷ್ಟು ಪ್ರಮಾಣದಲ್ಲಿ, ಯಾವ ದಾರಿಯಿಂದ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತುದು ಅಳತೆ, ಶುದ್ಧೀಕರಣ ಮತ್ತು ಪರೀಕ್ಷೆಗಳಿಂದ. ಚಿಕಿತ್ಸೆ ಫಲಿಸಬಹುದಾದ ಹಂತದಲ್ಲಿ ಕಷಾಯವನ್ನು ನಂಬಿ ಕಾಲ ಕಳೆಯುವುದು ರೋಗಿಯ ಜೀವಕ್ಕೆ ಎರವಾಗಬಹುದು.

ಪೂರೈಕೆಯ ಸಮಸ್ಯೆ

ಎಲೆಯಲ್ಲಿ ಔಷಧಾಂಶ ಅತ್ಯಲ್ಪವಾದುದರಿಂದ ಪೂರೈಕೆ ಎಂದಿನಿಂದಲೂ ಸವಾಲಾಗಿದೆ. ವಿಂಡೋಲಿನ್ ಮತ್ತು ಕ್ಯಾಥರಾಂಥಿನ್ ಎಂಬ ಎರಡು ಸರಳ ಸಂಯುಕ್ತಗಳು ಜೋಡಿಯಾಗಿ ವಿನ್‌ಬ್ಲಾಸ್ಟಿನ್ ಆಗುತ್ತದೆ. ಈ ಎರಡು ಸಂಯುಕ್ತಗಳು ಗಿಡದಲ್ಲಿ ಹೆಚ್ಚು ಪ್ರಮಾಣದಲ್ಲಿರುವುದರಿಂದ ಅವನ್ನು ತೆಗೆದು ಕೃತಕವಾಗಿ ಜೋಡಿಸುವ ವಿಧಾನ ರೂಢಿಗೆ ಬಂದಿದೆ. ಗಿಡವು ಇವುಗಳನ್ನು ತಯಾರಿಸುವ ಸರಣಿಯಲ್ಲಿ ತಿಳಿಯದೆ ಉಳಿದಿದ್ದ ಕೊನೆಯ ಕಿಣ್ವಗಳನ್ನು ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದ ಸಂಶೋಧಕರು ೨೦೧೮ರಲ್ಲಿ ಗುರುತಿಸಿದರು. ೨೦೨೨ರಲ್ಲಿ ಜೇ ಕೀಸ್ಲಿಂಗ್ ಮತ್ತಿತರರ ತಂಡವು ಗಿಡದ ವಂಶವಾಹಿಗಳನ್ನು ಯೀಸ್ಟಿಗೆ ಸೇರಿಸಿ, ಯೀಸ್ಟಿನಿಂದಲೇ ಈ ಎರಡು ಸಂಯುಕ್ತಗಳನ್ನು ಪಡೆದು ವಿನ್‌ಬ್ಲಾಸ್ಟಿನ್ ತಯಾರಿಸಿ ತೋರಿಸಿತು.

ಪ್ರಶಸ್ತಿ ಮತ್ತು ಗೌರವಗಳು

ನೋಬಲ್ ಅವರಿಗೆ ೧೯೮೪ರಲ್ಲಿ ಗೇರ್ಡ್‌ನರ್ ಪ್ರತಿಷ್ಠಾನದ ಅಂತಾರಾಷ್ಟ್ರೀಯ ಪ್ರಶಸ್ತಿ ಸಂದಿತು. ೧೯೮೮ರಲ್ಲಿ 'ಆರ್ಡರ್ ಆಫ್ ಕೆನಡಾ' ಗೌರವ ದೊರೆಯಿತು. ಅವರು ವ್ಯಾಂಕೂವರ್ ನಗರದಲ್ಲಿ ನಿಧನರಾದರು. ೧೯೯೭ರಲ್ಲಿ ನೋಬಲ್ ಮತ್ತು ಬಿಯರ್ ಇಬ್ಬರನ್ನೂ ಕೆನಡಾದ ವೈದ್ಯಕೀಯ ಕೀರ್ತಿಭವನಕ್ಕೆ ಸೇರಿಸಲಾಯಿತು. ಕ್ಯಾನ್ಸರ್ ಸಂಶೋಧನೆಯಲ್ಲಿನ ಸಾಧನೆಗಾಗಿ ನೀಡುವ ಪುರಸ್ಕಾರವೊಂದಕ್ಕೆ ಕೆನಡಾದಲ್ಲಿ ಅವರ ಹೆಸರನ್ನು ಇಡಲಾಗಿದೆ.